ಬೂದು ಬಣ್ಣ ಬೀಳದ ಒಂದು ಸಾಲು

"ಅಕ್ಷರಕ್ಕೆಲ್ಲಾ ಹುಳಾ ಬಿದ್ದಾವ್ರಿ ಭಾಯಿ, ಲಗೂನ ಬರ್ರಿ" ಎಂದು ರೋಣದ ರಕ್ತ ತಪಾಸಣಾ ಕೇಂದ್ರದ ಮಾಲೀಕರು ಫೋನ್ ಮಾಡಿದಾಗ ಅದು ದೊಡ್ಡ ಕೆಲಸ ಅಂತ ನನಗೆ ಅನಿಸಲಿಲ್ಲ. ಆಗ ನಾನು ಗಜೇಂದ್ರಗಡದಲ್ಲಿ ಅಪ್ಪನ ಗಡಿಯಾರ ರಿಪೇರಿ ಅಂಗಡಿಯ ಅರ್ಧ ಜಾಗದಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದೆ. ರೋಣ, ನರಗುಂದದ ಕಡೆಯಿಂದ ಕರೆ ಬಂದರೆ ನಾಲ್ಕು ಸಿ.ಡಿ., ಒಂದು ಸ್ಕ್ರೂಡ್ರೈವರ್ ಕಟ್ಟು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತುವುದು ರೂಢಿ. ಅಕ್ಷರ ಕೆಡುವುದು ಆ ದಿನಗಳಲ್ಲಿ ನೆಗಡಿ ಬಂದ ಹಾಗೆ. ಕರೆಂಟು ಹೋಗಿ ಬಂದಾಗಲೆಲ್ಲ ಯಾರದೋ ಒಬ್ಬರ ಕನ್ನಡ ಕೆಟ್ಟಿರುತ್ತಿತ್ತು.

ಕೇಂದ್ರ ಎಂದರೆ ಎರಡು ಕೋಣೆ. ಒಳಗಿನದರಲ್ಲಿ ಸೂಕ್ಷ್ಮದರ್ಶಕ, ಫ್ರಿಜ್ಜು, ರಕ್ತ ಪರೀಕ್ಷೆ ಮಾಡುವ ಹಿರಿಯ ತಂತ್ರಜ್ಞ. ಹೊರಗಿನದರಲ್ಲಿ ಬೆಂಚು, ಕಂಪ್ಯೂಟರು, ವರದಿ ಟೈಪು ಮಾಡುವ ಹುಡುಗಿ. ಅವಳು ಪರದೆಯನ್ನು ನನ್ನ ಕಡೆ ತಿರುಗಿಸಿದಳು. ಕೇಂದ್ರದ ಹೆಸರು ಕನ್ನಡದಲ್ಲಿರಬೇಕಾದ ಕಡೆ ತಲೆಯ ಮೇಲೆ ಟೊಪ್ಪಿಗೆ, ಬುಡಕ್ಕೆ ಬಾಲ ಹಚ್ಚಿಕೊಂಡ ಇಂಗ್ಲಿಷ್ ಅಕ್ಷರಗಳು ಸಾಲಾಗಿ ಕೂತಿದ್ದವು. ವರದಿ ಟೈಪು ಮಾಡುವ ಪ್ರೋಗ್ರಾಮ್ ತೆರೆದಾಗೊಮ್ಮೆ ಟೆಂಪ್ಲೇಟ್ ಕೆಟ್ಟಿದೆ ಎಂಬ ಸೂಚನೆ, ಮುಚ್ಚಿದಾಗೊಮ್ಮೆ ಟೆಂಪ್ಲೇಟಿನಲ್ಲಿ ಬದಲಾವಣೆ ಉಳಿಸಲೇ ಎಂಬ ಪ್ರಶ್ನೆ.

"ಈ ಪ್ರಶ್ನೆ ಬಂದಾಗ ಏನ್ ಒತ್ತತಿ ತಂಗಿ?" ಎಂದು ಕೇಳಿದೆ.

"ಒಮ್ಮೆ ಹೌದು ಅಂತೀನ್ರಿ, ಒಮ್ಮೆ ಬ್ಯಾಡ ಅಂತೀನ್ರಿ. ಯಾವ್ದು ಒತ್ತಿದ್ರೂ ಮತ್ತ ಕೇಳತೈತಿ" ಎಂದಳು.

ಟೆಂಪ್ಲೇಟ್ ಎಂದರೆ ಅಚ್ಚು. ಹೊಸ ಹಾಳೆ ತೆರೆದಾಗಲೆಲ್ಲ ಅಕ್ಷರ ಯಾವುದು, ಅಂಚು ಎಷ್ಟು, ತಲೆಬರಹ ಎಲ್ಲಿ ಎಂಬುದನ್ನು ಪ್ರೋಗ್ರಾಮ್ ಅದರಿಂದಲೇ ಎತ್ತಿಕೊಳ್ಳುತ್ತದೆ. ಆ ಕಂಪ್ಯೂಟರಿನಲ್ಲಿ ಎರಡು ಅಚ್ಚುಗಳಿದ್ದವು. ಒಂದು ಪ್ರೋಗ್ರಾಮ್ ತನಗೆ ತಾನೇ ಮಾಡಿಕೊಳ್ಳುವ ಮೂಲ ಅಚ್ಚು. ಇನ್ನೊಂದು ಬಸುರಿ ಹೆಂಗಸರ ವರದಿಗೆಂದು ಯಾರಿಂದಲೋ ಮಾಡಿಸಿಟ್ಟದ್ದು. ಕೆಟ್ಟದ್ದು ಮೊದಲನೆಯದು. ಪ್ರೋಗ್ರಾಮ್ ಮುಚ್ಚಿ, ಮರೆಮಾಡಿದ ಫೈಲುಗಳು ಕಾಣುವ ಹಾಗೆ ಮಾಡಿ, ಮೂಲ ಅಚ್ಚನ್ನು ಹುಡುಕಿ ಅದರ ಹೆಸರು ಬದಲಿಸಿದೆ. ಮತ್ತೆ ತೆರೆದಾಗ ಹಳೆಯದು ಸಿಗದೆ ಪ್ರೋಗ್ರಾಮ್ ಹೊಸದೊಂದನ್ನು ಮಾಡಿಕೊಂಡಿತು. ಕನ್ನಡ ಅಕ್ಷರವನ್ನು ಅದಕ್ಕೆ ಗೊತ್ತುಮಾಡಿದೆ. ಹೆಸರು ಸರಿಯಾಗಿ ಮೂಡಿತು. ಮಾಲೀಕರು ಚಹಾ ತರಿಸಿದರು.

ಎದ್ದು ಹೋಗಬಹುದಿತ್ತು. ಆದರೆ ಮೂಲ ಅಚ್ಚು ಕೆಟ್ಟಾಗ ಅದರ ಜೊತೆಗಿನದಕ್ಕೂ ಏಟು ಬಿದ್ದಿರುವುದುಂಟು. ಹಾಗಾಗಿ ವರದಿಯ ಅಚ್ಚನ್ನೂ ಒಮ್ಮೆ ನೋಡಿಬಿಡೋಣ ಎಂದು ತೆರೆದೆ.

ಅದು ಜಾಣತನದಿಂದ ಮಾಡಿದ ಅಚ್ಚು. ಮೊದಲ ಪುಟದಲ್ಲಿ ಹುಡುಗಿ ಹೆಸರು, ವಯಸ್ಸು, ಹಿಮೋಗ್ಲೋಬಿನ್, ರಕ್ತದ ಗುಂಪು ಎಲ್ಲ ತುಂಬುತ್ತಾಳೆ. ಎರಡನೇ ಪುಟದಲ್ಲಿ ಅಂಗೈಯಷ್ಟು ಒಂದು ಕಾರ್ಡು. ಅದನ್ನು ದಪ್ಪ ಕಾಗದದ ಮೇಲೆ ತೆಗೆದು, ಕತ್ತರಿಸಿ, ಮುದ್ರೆ ಹೊಡೆದು ಬಸುರಿಯ ಕೈಗೆ ಕೊಡುತ್ತಾರೆ. ಹೆರಿಗೆಗೆ ಹೋದಾಗ ಡಾಕ್ಟರು ನೋಡುವುದು ಆ ಕಾರ್ಡನ್ನು. ಕಾರ್ಡಿನಲ್ಲಿ ಏನನ್ನೂ ಟೈಪು ಮಾಡಬೇಕಿಲ್ಲ. ಮೊದಲ ಪುಟದಲ್ಲಿ ತುಂಬಿದ್ದು ತಾನಾಗಿಯೇ ಅಲ್ಲಿಗೆ ಬಂದು ಕೂರುವ ಹಾಗೆ ಪ್ರತಿ ಜಾಗಕ್ಕೂ ಕೊಂಡಿ ಹಾಕಿದ್ದರು. ಮೊದಲ ಪುಟ ಕೇಂದ್ರದಲ್ಲೇ ಉಳಿಯುತ್ತದೆ.

ಇಂಥ ಕೊಂಡಿಗಳು ಎಲ್ಲಿವೆ ಎಂದು ತಿಳಿಯಲು ಒಂದು ಸೌಲಭ್ಯವಿದೆ. ಅದನ್ನು ಒತ್ತಿದರೆ ಕೊಂಡಿ ಇರುವ ಜಾಗಗಳ ಹಿಂದೆ ಬೂದು ಬಣ್ಣ ಬೀಳುತ್ತದೆ. ಒತ್ತಿದೆ. ಹೆಸರಿನ ಹಿಂದೆ ಬೂದು. ವಯಸ್ಸಿನ ಹಿಂದೆ ಬೂದು. ಹಿಮೋಗ್ಲೋಬಿನ್ ಹಿಂದೆ ಬೂದು. ರಕ್ತದ ಗುಂಪಿನ ಎದುರು 'ಬಿ ಪಾಸಿಟಿವ್' ಎಂದಿತ್ತು. ಅದರ ಹಿಂದೆ ಬರೀ ಬಿಳಿ.

ಇದು ಅಚ್ಚು. ಇದರಲ್ಲಿ ಯಾರ ಗುಂಪೂ ಇರಬಾರದು.

ಸುಳ್ಳು ಹೆಸರೊಂದನ್ನು ಹಾಕಿ ಮೊದಲ ಪುಟ ತುಂಬಿದೆ. ಗುಂಪಿನ ಜಾಗದಲ್ಲಿ 'ಎಬಿ ನೆಗೆಟಿವ್' ಎಂದು ಬರೆದೆ. ಎರಡನೇ ಪುಟಕ್ಕೆ ಇಳಿದೆ. ಹೆಸರು ಬದಲಾಗಿತ್ತು. ವಯಸ್ಸು, ಹಿಮೋಗ್ಲೋಬಿನ್ ಬದಲಾಗಿದ್ದವು. ಗುಂಪು ಮಾತ್ರ 'ಬಿ ಪಾಸಿಟಿವ್' ಎಂದೇ ಕೂತಿತ್ತು. ಮುಚ್ಚಿ ಇನ್ನೊಮ್ಮೆ ಮಾಡಿದೆ, 'ಒ ನೆಗೆಟಿವ್' ಎಂದು. ಕಾರ್ಡಿನಲ್ಲಿ 'ಬಿ ಪಾಸಿಟಿವ್'. ಹಿಂದೆ ನಿಂತಿದ್ದ ಹುಡುಗಿ ನೋಡುತ್ತಿದ್ದಳು. ಅವಳಿಗೂ ಆಗಲೇ ತಿಳಿಯಿತು ಅಂತ ಕಾಣುತ್ತದೆ.

"ಈ ಗುಂಪಿನ ಸಾಲಿಗೆ ಹಿಂದ ಏನರೆ ಆಗಿತ್ತೇನ?" ಎಂದೆ.

ಅವಳು ಹೇಳಿದ್ದಿಷ್ಟು. ಶ್ರಾವಣದ ಹೊತ್ತಿಗೆ ಒಂದು ದಿನ ಕಾರ್ಡಿನ ಮೇಲೆ ಗುಂಪು ಬರುವ ಜಾಗದಲ್ಲಿ 'ಎರರ್' ಎಂದು ಒಂದು ಇಂಗ್ಲಿಷ್ ಸಾಲು ಬರತೊಡಗಿತು. ಮಾಲೀಕರು ಹುಬ್ಬಳ್ಳಿಯ ಪರಿಚಯದವರೊಬ್ಬರಿಗೆ ಫೋನ್ ಮಾಡಿದರು. ಅವರು ಕೇಳಿದ್ದು ಸರಿಯಾಗಿದ್ದ ಹಳೆಯ ವರದಿ ಯಾವುದಾದರೂ ಇದೆಯೇ ಎಂದು. ಇತ್ತು. ಅದನ್ನು ತೆರೆದು, ಗುಂಪಿನ ಮೇಲೆ ಗುರುತು ಮಾಡಿ, ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿ, ಆ ವರದಿಯನ್ನೇ ಅಚ್ಚಾಗಿ ಉಳಿಸಿಕೊಳ್ಳಲು ಹೇಳಿದರು. ಮಾಡಿದರು. ಎರರ್ ಹೋಯಿತು. ಎಲ್ಲರಿಗೂ ಸಮಾಧಾನವಾಯಿತು.

ಆ ಮೂರು ಕೀಲಿಗಳು ನನಗೆ ಗೊತ್ತಿದ್ದವು. ಅವನ್ನು ಒತ್ತಿದರೆ ಕೊಂಡಿ ಕಳಚಿ, ಆ ಹೊತ್ತಿಗೆ ಅಲ್ಲಿ ಏನಿದೆಯೋ ಅದು ಬರೀ ಅಕ್ಷರವಾಗಿ ಉಳಿದುಬಿಡುತ್ತದೆ. ಆ ಹಳೆಯ ವರದಿ ಬಿ ಪಾಸಿಟಿವ್ ಹೆಂಗಸಿನದು. ಅಂದಿನಿಂದ ಇಲ್ಲಿ ಪರೀಕ್ಷೆಗೆ ರಕ್ತ ಕೊಟ್ಟ ಪ್ರತಿ ಬಸುರಿಯೂ ಕಾರ್ಡಿನ ಮೇಲೆ ಬಿ ಪಾಸಿಟಿವ್.

ಒಳಗಿನಿಂದ ಬಂದ ತಂತ್ರಜ್ಞರಿಗೆ ತೋರಿಸಿದೆ. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. "ನಾ ಒಂದನೇ ಹಾಳಿ ಅಷ್ಟ ನೋಡಿ ಸಹಿ ಮಾಡತೀನಿ" ಎಂದರು. ಆಮೇಲೆ ಬೆಂಚಿನ ಮೇಲೆ ಕೂತರು.

ಮಾಲೀಕರು ಇನ್ನೂ ಚಹಾದ ಲೋಟ ಹಿಡಿದಿದ್ದರು. "ಆತು, ಈಗ ಸರಿ ಮಾಡಿಬಿಡ್ರಿ ಭಾಯಿ. ಇನ್ನ ಮುಂದ ಸರಿ ಬಂದ್ರ ಸಾಕಲ್ಲ. ಹೆರಿಗಿ ಹೊತ್ನ್ಯಾಗ ರಕ್ತ ಏರಿಸೂದಿದ್ರ ದವಾಖಾನ್ಯಾಗ ಮತ್ತೊಮ್ಮೆ ನೋಡೇ ಏರಸ್ತಾರ."

"ರಕ್ತ ಏರಿಸೂದಷ್ಟ ಅಲ್ರಿ" ಎಂದರು ತಂತ್ರಜ್ಞರು. "ನೆಗೆಟಿವ್ ತಾಯಿಗೆ ಪಾಸಿಟಿವ್ ಕೂಸು ಹುಟ್ಟಿದ್ರ, ಹಡಿಯೂ ಹೊತ್ನ್ಯಾಗ ಕೂಸಿನ ರಕ್ತ ಒಂದೀಟು ತಾಯಿ ಮೈಗೆ ಸೇರತೈತಿ. ಆ ಮೈ ಅದನ್ನ ವೈರಿ ಅಂತ ತಿಳಕೊಂತೈತಿ. ಈ ಕೂಸಿಗೆ ಏನೂ ಆಗೂದಿಲ್ಲ. ಮುಂದಿನ ಕೂಸು ಹೊಟ್ಯಾಗ ಬೆಳಿಯೂ ಹೊತ್ನ್ಯಾಗ ಅದರ ಮ್ಯಾಲೆ ಏರಿ ಹೋಗತೈತಿ. ಹಡದ ಮೂರು ದಿನದಾಗ ಒಂದು ಸೂಜಿ ಮಾಡಿದ್ರ ಇದು ತಪ್ಪತೈತಿ. ಕಾರ್ಡಿನ ಮ್ಯಾಲೆ ಪಾಸಿಟಿವ್ ಅಂತಿದ್ರ ಆ ಸೂಜಿ ಯಾರು ಮಾಡ್ತಾರ?"

ಮಾಲೀಕರು ಲೋಟ ಕೆಳಗಿಟ್ಟರು. ಅವರು ಕೆಟ್ಟವರಲ್ಲ, ಆ ಕ್ಷಣದಲ್ಲಿ ಹೆದರಿದ ಮನುಷ್ಯ. "ಮೊದ್ಲು ಫೈಲು ಸರಿ ಮಾಡ್ರಿ. ಹಳೇ ವರದಿನೂ ತಿದ್ದಿಬಿಡ್ರಿ. ಆಮ್ಯಾಲೆ ನೋಡೋಣು."

ನನಗೂ ಮೊದಲು ಕೈ ಹೋದದ್ದು ಅಚ್ಚಿನ ಕಡೆಗೇ. ಕೆಟ್ಟದ್ದನ್ನು ಕಂಡರೆ ಸರಿಮಾಡುವುದು ಕೈಗೆ ಅಂಟಿದ ಚಾಳಿ. ಅಷ್ಟರಲ್ಲಿ ಒಂದು ಹಳೆಯ ವರದಿಯನ್ನು ತೆರೆದು ನೋಡಿದೆ. ಅದರ ತಾರೀಖಿನ ಜಾಗದಲ್ಲಿ ನಾನು ತೆರೆದ ದಿನದ ತಾರೀಖೇ ಇತ್ತು. ಇನ್ನೊಂದು ತೆರೆದೆ. ಅದರಲ್ಲೂ ಅವತ್ತಿನದೇ. ಅಚ್ಚು ಮಾಡಿದವರು ತಾರೀಖನ್ನೂ ತಾನಾಗಿ ಬದಲಾಗುವ ಹಾಗೆ ಇಟ್ಟಿದ್ದರು. ಯಾವ ಹೆಂಗಸು ಯಾವಾಗ ಬಂದಿದ್ದಳು ಎಂಬುದಕ್ಕೆ ಉಳಿದಿದ್ದ ಒಂದೇ ಗುರುತು ಫೈಲನ್ನು ಕೊನೆಗೆ ಉಳಿಸಿದ ದಿನ. ತೆರೆದು, ತಿದ್ದಿ, ಉಳಿಸಿದರೆ ಅದೂ ಹೋಗುತ್ತದೆ. ತಿದ್ದಿದ ಮೇಲೆ ಯಾರ ಕೈಯಲ್ಲಿ ತಪ್ಪು ಕಾರ್ಡಿದೆ ಎಂದು ಹೇಳಲು ಜಗತ್ತಿನಲ್ಲಿ ಯಾರಿಗೂ ಆಗುವುದಿಲ್ಲ.

"ಈಗ ಸರಿ ಮಾಡೂದಿಲ್ರಿ ಅಣ್ಣಾರ" ಎಂದೆ.

"ಅಂದ್ರ?"

"ಇದ್ದದ್ದು ಇದ್ದಂಗ ಒಂದು ಸಿ.ಡಿ.ಗೆ ಇಳಸ್ತೀನಿ. ಸಿ.ಡಿ. ಮ್ಯಾಲಿಂದು ಯಾರಿಗೂ ತಿದ್ದಾಕ ಬರೂದಿಲ್ಲ. ಅದನ್ನ ನೋಡಿ ನೆಗೆಟಿವ್ ಇದ್ದವ್ರನ್ನೆಲ್ಲಾ ಹುಡುಕೋಣು. ಅವ್ರು ಸಿಕ್ಕಮ್ಯಾಲೆ ಫೈಲು ಮುಟ್ಟತೀನಿ."

"ನಿಮ್ಮನ್ನ ಕರಸಿದ್ದು ಅಕ್ಷರದ ಸಲುವಾಗಿ" ಎಂದರು ಮಾಲೀಕರು. ದನಿ ಏರಿತ್ತು.

ತಂತ್ರಜ್ಞರು ಬೆಂಚಿನಿಂದಲೇ, "ಅವ್ರು ಹೇಳಿದಂಗ ಆಗ್ಲಿ. ಇಲ್ಲಾಂದ್ರ ನಾ ನಾಳಿಂದ ಬರೂದಿಲ್ಲ" ಎಂದರು. ಮಾಲೀಕರು ಹೊರಗೆ ಹೋಗಿ ಬಾಗಿಲಲ್ಲಿ ನಿಂತರು. ಅಂದು ಹೊಸ ಗಿರಾಕಿಗಳನ್ನು ಒಳಗೆ ಬಿಡಲಿಲ್ಲ.

ಮೊದಲ ಸಿ.ಡಿ. ಅರ್ಧಕ್ಕೆ ಕೆಟ್ಟಿತು. ಎರಡನೆಯದು ಬರೆಯುತ್ತಿರುವಾಗ ಕರೆಂಟು ಹೋಯಿತು. ಯು.ಪಿ.ಎಸ್. ಚೀರಿ ಸುಮ್ಮನಾಯಿತು. ಕತ್ತಲಾದ ಪರದೆಯ ಮುಂದೆ ಮೂವರೂ ಕರೆಂಟಿಗೆ ಕಾಯುತ್ತ ಕೂತೆವು. ಹುಡುಗಿ ಬೆರಳು ಮಡಚುತ್ತ ತನಗೆ ನೆನಪಿದ್ದ ಹೆಸರುಗಳನ್ನು ಪಿಸುಗುಟ್ಟುತ್ತಿದ್ದಳು. "ಕಾರ್ಡ್ ನಾನ ಕತ್ತರಿಸಿ ಕೊಟ್ಟೀನ್ರಿ. ಹೆಸರು ಸರಿ ಐತೇನು ನೋಡ್ರಿ ಅಂತನೂ ಹೇಳೀನಿ" ಎಂದಳು.

ಕರೆಂಟು ಬಂತು. ಮೂರನೇ ಸಿ.ಡಿ. ಸರಿಯಾಗಿ ಬರೆಯಿತು. ಫೈಲುಗಳ ಒಳಗೆ 'ನೆಗೆಟಿವ್' ಎಂಬ ಪದ ಇರುವಂಥವನ್ನು ಹುಡುಕಲು ಕಂಪ್ಯೂಟರಿಗೆ ಹೇಳಿದೆ. ಎಲ್ಲ ಫೈಲುಗಳೂ ಬಂದವು. ಕಾಮಾಲೆ ನೆಗೆಟಿವ್, ಮತ್ತೊಂದು ರೋಗ ನೆಗೆಟಿವ್ ಎಂದು ಪ್ರತಿ ವರದಿಯಲ್ಲೂ ಆ ಪದ ಇದ್ದೇ ಇತ್ತು. ಬೇರೆ ದಾರಿಯಿಲ್ಲ, ಒಂದೊಂದೇ ತೆರೆದೆವು. ಮೊದಲ ಪುಟದ ಗುಂಪು ನಾನು ಓದುವುದು, ಎರಡನೇ ಪುಟದ್ದು ಹುಡುಗಿ ಓದುವುದು.

"ಒ ಪಾಸಿಟಿವ್."

"ಬಿ ಪಾಸಿಟಿವ್ ರಿ."

"ಎ ಪಾಸಿಟಿವ್."

"ಬಿ ಪಾಸಿಟಿವ್ ರಿ."

ಅವಳ ದನಿ ಒಂದೊಂದು ಫೈಲಿಗೂ ಸಣ್ಣದಾಗುತ್ತ ಹೋಯಿತು. ಒಮ್ಮೊಮ್ಮೆ ಎರಡೂ ಪುಟ ಹೊಂದಿದಾಗ ಇಬ್ಬರೂ ಉಸಿರು ಬಿಡುತ್ತಿದ್ದೆವು. ಬಿ ಪಾಸಿಟಿವ್ ನಮ್ಮ ಕಡೆ ಬಹಳ ಮಂದಿಗೆ ಇರುವ ಗುಂಪು. ಅದಕ್ಕೇ ಇಷ್ಟು ದಿನ ಯಾರಿಗೂ ಸಂಶಯ ಬಂದಿರಲಿಲ್ಲ.

ಕೊನೆಗೆ ನೆಗೆಟಿವ್ ಗುಂಪಿನವರು ಮೂವರು ಸಿಕ್ಕರು. ಅಬ್ಬಿಗೇರಿಯವಳು, ಜಕ್ಕಲಿಯವಳು, ಮತ್ತು ಚಿಕ್ಕನರಗುಂದ ತವರಾದ ಒಬ್ಬಳು.

ಅಬ್ಬಿಗೇರಿಯವಳಿಗೆ ಇನ್ನೂ ದಿನ ತುಂಬಿರಲಿಲ್ಲ. ಹೇಳಿಕಳಿಸಿದ ಮೇಲೆ ಅವಳ ಗಂಡ ಸಂಜೆಯ ಬಸ್ಸಿಗೇ ಕಾರ್ಡು ಹಿಡಿದು ಬಂದ. ತಂತ್ರಜ್ಞರು ತಮ್ಮ ಕೈಯಿಂದ ಹೊಸ ಕಾರ್ಡು ಬರೆದು, ಡಾಕ್ಟರ ಹತ್ತಿರ ತಾವೇ ಕರೆದುಕೊಂಡು ಹೋಗಿ ಬಂದರು. ಅದು ಸುಲಭವಾಗಿ ಮುಗಿಯಿತು.

ಜಕ್ಕಲಿಯವಳು ಹಿಂದಿನ ದಿನವಷ್ಟೇ ರೋಣದ ಒಂದು ಖಾಸಗಿ ದವಾಖಾನೆಯಲ್ಲಿ ಹಡೆದು, ಬೆಳಿಗ್ಗೆ ಮನೆಗೆ ಹೋಗಿದ್ದಳು. ಅಲ್ಲಿನ ಹೆಣ್ಣು ಡಾಕ್ಟರು, ಡಾಕ್ಟರ್ ಬಾಯಿ, ವಿಷಯ ಕೇಳಿ ಅವಳ ಕಾಗದ ತೆಗೆದು ನೋಡಿದರು. "ಕಾರ್ಡ್ ನಂಬಿ ಬಿಟ್ಟೆ ನಾನು" ಎಂದರು. ಆಮೇಲೆ ಮಾಲೀಕರ ಕಡೆ ತಿರುಗಿ, "ಆ ಸೂಜಿ ಇಲ್ಲಿ ಸಿಗಂಗಿಲ್ಲ. ಗದಗಕ್ಕ ಹೋಗಿ, ಐಸ್‌ನ್ಯಾಗ ಇಟ್ಟು ತರ್ರಿ. ಅಷ್ಟ್ರಾಗ ಕೂಸಿನ ಗುಂಪು ನೋಡ್ಕೊಂಡು ಬರ್ಲಿ ಇವ್ರು" ಎಂದರು. ಮಾಲೀಕರು ಥರ್ಮಾಸು ಹಿಡಿದು ಗದಗಿನ ಬಸ್ಸು ಹತ್ತಿದರು. ನಾನು ಅವರ ಮೋಟಾರ್ ಸೈಕಲ್ ಮೇಲೆ ತಂತ್ರಜ್ಞರನ್ನು ಕೂರಿಸಿಕೊಂಡು ಜಕ್ಕಲಿಗೆ ಹೊರಟೆ.

ಬಾಣಂತಿಯ ಕೋಣೆಯ ಹೊರಗೆ ಅವಳ ಅತ್ತೆ ನಮ್ಮನ್ನು ತಡೆದಳು. "ಹಸಿಗೂಸಿಗೆ ಯಾಕ ಚುಚ್ಚತೀರಿ? ನಿನ್ನಿ ಎಲ್ಲಾ ಚಲೋ ಐತಿ ಅಂದ್ರಲ್ಲ."

"ನಮ್ಮ ಕಡಿಂದ ತಪ್ಪಾಗೈತ್ರಿ ಅವ್ವಾರ. ಕಾರ್ಡಿನ ಮ್ಯಾಲೆ ಗುಂಪು ತಪ್ಪು ಬಿದ್ದೈತಿ" ಎಂದು ತಂತ್ರಜ್ಞರು ಸುತ್ತುಬಳಸದೆ ಹೇಳಿದರು.

ಆಕೆ ನಮ್ಮಿಬ್ಬರ ಮುಖ ನೋಡಿ ದಾರಿ ಬಿಟ್ಟಳು. ಕೂಸಿನ ಹಿಮ್ಮಡಿಯಿಂದ ಹನಿ ರಕ್ತ ತೆಗೆದು, ಕಿಟಕಿಯ ಬೆಳಕಿನಲ್ಲಿ ಗಾಜಿನ ಮೇಲೆ ಔಷಧದ ಜೊತೆ ಬೆರೆಸಿ ಅಲುಗಿಸಿದರು. ಕೆಂಪು ಒಡೆದು ಹರಳು ಹರಳಾಯಿತು. "ಪಾಸಿಟಿವ್" ಎಂದರು. ಒಂದು ಜೀಪು ಮಾಡಿ ಬಾಣಂತಿ, ಕೂಸು, ಅತ್ತೆ ಮೂವರನ್ನೂ ರೋಣಕ್ಕೆ ಕರೆತಂದೆವು. ಮಾಲೀಕರು ಬಸ್ಸಿಳಿದವರೇ ಥರ್ಮಾಸನ್ನು ಎದೆಗೆ ಅವಚಿಕೊಂಡು ಬರುತ್ತಿದ್ದರು. ಸೂಜಿಯಾಯಿತು. ಅವಧಿಯೊಳಗೇ ಆಯಿತು ಎಂದು ಡಾಕ್ಟರ್ ಬಾಯಿ ಹೇಳಿದಾಗ ಮಾಲೀಕರು ಗೋಡೆಯ ಕಡೆ ಮುಖ ಮಾಡಿ ನಿಂತರು.

ಚಿಕ್ಕನರಗುಂದದವಳ ಅವಧಿ ಎಂದೋ ಮುಗಿದಿತ್ತು. ಅವಳು ಗಂಡನ ಮನೆಯಾದ ರೋಣದಲ್ಲಿ ಪರೀಕ್ಷೆ ಮಾಡಿಸಿಕೊಂಡು, ತವರಿಗೆ ಹೋಗಿ ಹಡೆದಿದ್ದಳು. ಕೂಸಿಗೆ ಹೆಸರಿಟ್ಟಾಗಿತ್ತು. ಮರುದಿನ ಮಾಲೀಕರು, ತಂತ್ರಜ್ಞರು, ನಾನು ಮೂವರೂ ನರಗುಂದಕ್ಕೆ ಹೋಗಿ, ಅಲ್ಲಿಂದ ಟೆಂಪೋ ಹತ್ತಿ ಆ ಊರು ಮುಟ್ಟಿದೆವು. ದಾರಿಯುದ್ದಕ್ಕೂ ಮಾಲೀಕರು ಒಂದೇ ಮಾತನ್ನು ಬೇರೆ ಬೇರೆ ರೀತಿ ಹೇಳಿ ನೋಡುತ್ತಿದ್ದರು. ಯಾವ ರೀತಿಯೂ ಅವರಿಗೆ ಸರಿ ಬರಲಿಲ್ಲ.

ಕೂಸು ಪಾಸಿಟಿವ್. ತಂತ್ರಜ್ಞರು ಗಾಜನ್ನು ಬಹಳ ಹೊತ್ತು ಅಲುಗಿಸಿದರು, ಬೇರೆ ಏನಾದರೂ ಕಾಣಬಹುದು ಎಂಬಂತೆ.

ಆ ಬಾಣಂತಿ ಶಾಲೆ ಕಲಿತವಳು. ಎಲ್ಲವನ್ನೂ ಕೇಳಿಸಿಕೊಂಡಳು. "ಈಕಿಗೆ ಏನೂ ಆಗೂದಿಲ್ಲಲ್ರಿ?" ಎಂದು ತೊಡೆಯ ಮೇಲಿನ ಕೂಸನ್ನು ತೋರಿಸಿದಳು.

"ಏನೂ ಇಲ್ಲವ್ವ" ಎಂದರು ತಂತ್ರಜ್ಞರು. "ನಿನ್ನ ರಕ್ತದಾಗ ಆ ವೈರಿ ಹುಟ್ಟೇತೋ ಇಲ್ಲೋ ನೋಡಬೇಕು. ಎಲ್ಲಾರಿಗೂ ಹುಟ್ಟಂಗಿಲ್ಲ, ಕೆಲವ್ರಿಗೆ ಅಷ್ಟ. ಆ ಪರೀಕ್ಷೆ ನಮ್ಮಲ್ಲಿ ಇಲ್ಲ. ಹುಬ್ಬಳ್ಳಿಗೆ ಕಳಸ್ತೀವಿ."

ಅವಳು ತೋಳು ಚಾಚಿದಳು. ರಕ್ತ ತೆಗೆಯುವಾಗ ಸೂಜಿಯ ಕಡೆಯೇ ನೋಡುತ್ತಿದ್ದಳು. ಆಮೇಲೆ ಮಾಲೀಕರು ಹೊಸ ಕಾರ್ಡು ಕೊಟ್ಟು, ಹಳೆಯದನ್ನು ಕೇಳಿದರು. ಅವಳು ಎದ್ದು ಹಳೆಯದನ್ನು ತಂದಳು. ಎರಡನ್ನೂ ಪಕ್ಕದಲ್ಲಿಟ್ಟು ಓದಿದಳು. ಕೊಡಲಿಲ್ಲ.

"ಇದು ನನ್ನ ಹತ್ರನ ಇರ್ಲಿ" ಎಂದಳು.

"ಯಾಕವ್ವ?"

"ನಾಳಿ ಏನರೆ ಆದ್ರ, ನನ್ನ ಮೈಯಾಗ ದೋಷ ಐತಿ ಅಂತ ಮಂದಿ ಅಂತಾರ್ರಿ. ಆಗ ತೋರ್ಸಾಕ ಬೇಕು."

ಮಾಲೀಕರು ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡರು. "ಇಟ್ಕೋ ತಂಗಿ" ಎಂದರು. ದಾರಿಯಲ್ಲಿ ಕಟ್ಟಿಕೊಂಡು ಬಂದ ಮಾತು ಯಾವುದನ್ನೂ ಅವರು ಆಡಲಿಲ್ಲ.

ರೋಣಕ್ಕೆ ಮರಳಿದ ಮೇಲೆ ಅಚ್ಚನ್ನು ಕೈಗೆತ್ತಿಕೊಂಡೆ. ಕಳಚಿದ್ದ ಕೊಂಡಿ ಮತ್ತೆ ಹಾಕಿ, ಮುದ್ರಿಸುವ ಮೊದಲು ಎಲ್ಲ ಕೊಂಡಿಗಳೂ ಹೊಸದಾಗುವಂತೆ ಮಾಡಿ, ತಾರೀಖು ಒಮ್ಮೆ ಬಿದ್ದರೆ ಬದಲಾಗದಂತೆ ತಿದ್ದಿ, ಎಲ್ಲ ಗುಂಪುಗಳನ್ನೂ ಹಾಕಿ ಹಾಕಿ ನೋಡಿದೆ. ಸರಿಯಾಗಿ ಬಂತು. ಪರದೆಯ ಮೇಲೆ ಪ್ರತಿ ಸಾಲಿನ ಹಿಂದೆಯೂ ಬೂದು ಬಣ್ಣವಿತ್ತು. ತಂತ್ರಜ್ಞರು ನೋಡಿ, "ಚಲೋ ಆತು. ಆದ್ರ ಕಾರ್ಡಿನ ಮ್ಯಾಲೆ ಗುಂಪಿನ ಜಾಗಾ ಖಾಲಿ ಬಿಡ್ರಿ. ನಾ ಪೆನ್ನಿನಿಂದ ಬರೀತೀನಿ" ಎಂದರು. ಅಷ್ಟು ಕಷ್ಟಪಟ್ಟು ಹಾಕಿದ ಗುಂಪಿನ ಕೊಂಡಿಯನ್ನು ಅಳಿಸಿಬಿಟ್ಟೆ. ಪಾಸಿಟಿವ್ ಗುಂಪಿನವರ ತಪ್ಪು ಕಾರ್ಡುಗಳನ್ನು ಹುಡುಗಿ ಮನೆಮನೆಗೆ ಹೇಳಿಕಳಿಸಿ ಬದಲಿಸುತ್ತ ಹೋದಳು.

ಹುಬ್ಬಳ್ಳಿಯ ಫಲಿತಾಂಶ ಬರುವವರೆಗೆ ನನಗೆ ಬೇರೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಬಂದ ದಿನ ನಾನು ರೋಣದಲ್ಲೇ ಇದ್ದೆ. ಫ್ಯಾಕ್ಸಿನ ಕಾಗದ ಹೊರಗೆ ಬರುತ್ತಿದ್ದಂತೆ ತಂತ್ರಜ್ಞರು ಓದಿದರು. ವೈರಿ ಹುಟ್ಟಿರಲಿಲ್ಲ. ಮಾಲೀಕರು ಫೋನು ನನ್ನ ಕಡೆ ತಳ್ಳಿ, "ನೀವ ಹೇಳ್ರಿ ಭಾಯಿ, ನನ್ನ ಕಡಿಂದ ಆಗೂದಿಲ್ಲ" ಎಂದರು.

ಚಿಕ್ಕನರಗುಂದದಲ್ಲಿ ಅವರ ಪಕ್ಕದ ಮನೆಯಲ್ಲಿ ಫೋನಿತ್ತು. ಅವಳನ್ನು ಕರೆದರು. ಅವಳ ಉಸಿರು ಕೇಳುತ್ತಿತ್ತು. ಕಾಗದ ನೋಡಿ ಓದಿದೆ. ಏನೂ ಇಲ್ಲ, ಮುಂದೆ ಬಸುರಾದರೆ ಮೊದಲೇ ಡಾಕ್ಟರಿಗೆ ನೆಗೆಟಿವ್ ಎಂದು ಹೇಳಬೇಕು, ಆಗ ಸೂಜಿ ತಪ್ಪಿಸಬಾರದು ಎಂದೆ.

ಅವಳು ಅಷ್ಟನ್ನೂ ನನ್ನಿಂದ ಇನ್ನೊಮ್ಮೆ ಹೇಳಿಸಿಕೊಂಡಳು. ಆಮೇಲೆ ಕೇಳಿದಳು: "ಇದು ಕಂಪ್ಯೂಟರ್ ಹೇಳಿದ್ದೇನ್ರಿ, ಮನಶ್ಯಾರು ನೋಡಿ ಹೇಳಿದ್ದೇನ್ರಿ?"

ನನ್ನ ಕೈಯಲ್ಲಿದ್ದದ್ದು ಅಚ್ಚು ಹಾಕಿದ ಕಾಗದ. ಹಿಂದೆ ಬೂದು ಬಣ್ಣವಿದೆಯೋ ಬಿಳಿಯಿದೆಯೋ ನನಗೇನು ಗೊತ್ತು?

"ತಡಿ ತಂಗಿ, ಮತ್ತ ಮಾಡ್ತೀನಿ" ಎಂದು ಇಟ್ಟೆ. ಹುಬ್ಬಳ್ಳಿಗೆ ಫೋನು ಹಚ್ಚಿ, ಆ ರಕ್ತ ಪರೀಕ್ಷೆ ಮಾಡಿದವರೇ ಬೇಕು ಎಂದೆ. ಒಬ್ಬ ಹೆಣ್ಣುಮಗಳು ಬಂದಳು. ವಿಷಯ ಹೇಳಿದೆ. ಬೇಸರ ಮಾಡಿಕೊಳ್ಳದೆ ಒಳಗೆ ಹೋಗಿ, ನಳಿಗೆಯ ಮೇಲಿನ ಹೆಸರು ನೋಡಿ ಬಂದು, "ನಾನ ಮಾಡೀನ್ರಿ, ನನ್ನ ಕಣ್ಣೀಲೆ ನೋಡೀನಿ, ಏನೂ ಇಲ್ಲ" ಎಂದಳು. ಮತ್ತೆ ಚಿಕ್ಕನರಗುಂದಕ್ಕೆ ಹಚ್ಚಿದೆ. ಅವಳು ಫೋನಿನ ಹತ್ತಿರವೇ ನಿಂತಿದ್ದಳು, ಮೊದಲ ರಿಂಗಿಗೇ ಎತ್ತಿದಳು.

"ಮನಶ್ಯಾರ ಹೇಳ್ಯಾರವ್ವ" ಎಂದೆ.

"ಆತ್ರಿ" ಎಂದು ಫೋನು ಇಟ್ಟಳು.